ಅಂಗವಿಕಲರಿಗೂ ಮಾಜಿ ಸೈನಿಕರಿಗೂ ಸರ್ಕಾರದ ನೆರವು ಮತ್ತು ಕಸಬು: ಹಿಡುವಳಿದಾರರಿಗೂ ಗ್ರಾಮದ ಮುಖ್ಯಸ್ಥರಿಗೂ ತಿಳಿವಳಿಕೆ

ಬೀಜ, ಗೊಬ್ಬರ, ರಾಸುಗಳ ರೋಗ ಮುಂತಾದ ವಿಷಯಗಳನ್ನು ತಿಳಿಸುವ ಬೇಸಾಯದ ಪತ್ರಿಕೆಯಲ್ಲಿ ಅಂಗವಿಕಲರ ಮಾತು ಏಕೆ ಬಂದಿತೆಂದು ಕೆಲವರು ಕೇಳಬಹುದು. ಬೇಸಾಯಕ್ಕೆ ಬೇಕಾದ ಬಂಡವಾಳಗಳಲ್ಲೆಲ್ಲಾ ಮೊದಲನೆಯದು ಮನುಷ್ಯನ ದುಡಿಮೆ. ಒಕ್ಕಣೆಯ ಯಂತ್ರಕ್ಕೆ ಕೈ ಸಿಕ್ಕಿದವನು, ಮರದಿಂದ ಬಿದ್ದು ಸೊಂಟ ಮುರಿದುಕೊಂಡವನು, ಹಾವಿನ ಕಡಿತದಿಂದ ಕಾಲು ಕಳೆದುಕೊಂಡವಳು, ಹುಟ್ಟಿನಿಂದಲೇ ಕಣ್ಣು ಕಾಣದ ಅಥವಾ ಕಿವಿ ಕೇಳದ ಮಗು, ಗಡಿಯಲ್ಲಿ ಗಾಯಗೊಂಡು ಊರಿಗೆ ಮರಳಿದ ಸಿಪಾಯಿ, ಇಂಥವರಲ್ಲಿ ಒಬ್ಬರಾದರೂ ಇಲ್ಲದ ಗ್ರಾಮವು ವಿರಳ. ದುಡಿಯುವ ಕೈ ನಿಂತ ಮನೆಯಲ್ಲಿ ಮೊದಲು ರಾಸು ಮಾರಾಟವಾಗುತ್ತದೆ, ಬಳಿಕ ಒಡವೆ ಅಡವಿಗೆ ಹೋಗುತ್ತದೆ, ಕಡೆಗೆ ಜಮೀನು ಭೋಗ್ಯಕ್ಕೆ ಬೀಳುತ್ತದೆ. ಆದಕಾರಣ ಇದು ಬೇಸಾಯದ ವಿಷಯವೇ ಹೊರತು ಬೇರೆಯದಲ್ಲ.

ಇಂಥವರ ವಿಷಯದಲ್ಲಿ ಊರಿನವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಕೆಲವರು ಮರುಗಿ ಹಿಡಿ ಅನ್ನವನ್ನು ಕೊಟ್ಟು ತಮ್ಮ ಕರ್ತವ್ಯವು ಮುಗಿಯಿತೆಂದು ಭಾವಿಸುತ್ತಾರೆ. ಮತ್ತೆ ಕೆಲವರು ಕರ್ಮಫಲವೆಂದು ಹೇಳಿ ಸುಮ್ಮನಾಗುತ್ತಾರೆ. ಎರಡರಿಂದಲೂ ಆ ಮನುಷ್ಯನಿಗೆ ಜೀವನೋಪಾಯವು ದೊರೆಯುವುದಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ಅವನಿಗೂ ಸಲ್ಲುತ್ತದೆ. ಅವನಿಗೆ ಕೂತು ಉಣ್ಣುವ ಆಸೆಯೂ ಇರುವುದಿಲ್ಲ. ಅವನಿಗೆ ಬೇಕಾದುವು ಮೂರು: ಕಾಗದ, ಕಲಿಕೆ, ಕೆಲಸ. ಈ ಮೂರಕ್ಕೂ ಸರ್ಕಾರದಲ್ಲಿ ಏರ್ಪಾಡುಗಳಿವೆ. ಆದರೆ ಅವು ಬೇರೆ ಬೇರೆ ಕಚೇರಿಗಳಲ್ಲಿ ಹಂಚಿಹೋಗಿರುವುದರಿಂದ, ನಡೆಯಲಾರದವನು ಅಥವಾ ಓದಲಾರದವನು ತಾನಾಗಿ ಅವುಗಳನ್ನು ಹುಡುಕಿಕೊಳ್ಳುವುದು ಕಷ್ಟ. ಇವುಗಳನ್ನು ಕ್ರಮವಾಗಿ ಜೋಡಿಸಿಕೊಡುವ ಕೈ ಗ್ರಾಮದ ಮುಖ್ಯಸ್ಥನದು. ಈ ಪತ್ರಿಕೆಯ ಉದ್ದೇಶವು ಇಷ್ಟೇ.

೧. ಕಮರ್ಷಿಯಲ್ ಸ್ಟ್ರೀಟಿನ ಸುತ್ತಲಿನ ಸ್ಥಳಗಳು

ಮದುವೆಯ ಜವಳಿಗಾಗಿ ಬೆಂಗಳೂರಿಗೆ ಹೋಗುವ ಹೊಸಕೋಟೆ, ಮಾಲೂರು, ಕೋಲಾರ, ದೇವನಹಳ್ಳಿಗಳ ಕಡೆಯ ರೈತರಿಗೆ ದಂಡಿನ ಪ್ರದೇಶದ ಕಮರ್ಷಿಯಲ್ ಸ್ಟ್ರೀಟು ಚೆನ್ನಾಗಿ ಪರಿಚಿತವಾದುದು. ಈ ಬೀದಿಯು ಕಾಮರಾಜ ರಸ್ತೆಯಿಂದ ಜುಮ್ಮಾ ಮಸೀದಿ ರಸ್ತೆಯ ಕಡೆಗೆ ಹೋಗುತ್ತದೆ. ಸೀರೆ, ಜರಿ, ಪಾತ್ರೆಗಳನ್ನು ಕೊಂಡು ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಹಿಂದಿರುಗುವ ಬಹುಮಂದಿ, ತಮ್ಮ ಊರಿನ ಒಬ್ಬ ಹೆಳವನನ್ನಾಗಲಿ ಒಬ್ಬ ಮಾಜಿ ಸೈನಿಕನನ್ನಾಗಲಿ ಸ್ವಂತ ಕಾಲ ಮೇಲೆ ನಿಲ್ಲಿಸಬಲ್ಲ ಸ್ಥಳಗಳು ಅಲ್ಲಿಂದ ಕೆಲವೇ ಕಿಲೋಮೀಟರುಗಳಲ್ಲಿವೆ ಎಂಬುದನ್ನು ಅರಿಯರು.

ಇದು ಆಕಸ್ಮಿಕವಲ್ಲ. ೧೮೦೯ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದರು. ಆ ದಂಡಿನ ಸುತ್ತ ಈ ಪೇಟೆಯು ಬೆಳೆಯಿತು. ೧೯೪೭ರಲ್ಲಿ ಈ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. ದಂಡು ಇದ್ದ ಕಡೆ ಆಸ್ಪತ್ರೆಯೂ ಇರಬೇಕು, ಗಾಯಾಳುಗಳ ಯೋಗಕ್ಷೇಮವೂ ನಡೆಯಬೇಕು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳವೂ ಒಂದಾಗಿತ್ತು. ಅದರ ಸ್ಮಾರಕವು ಈಗಲೂ ಜಯಚಾಮರಾಜೇಂದ್ರ ನಗರದಲ್ಲಿದೆ. ಆ ಮಹಾಯುದ್ಧದಲ್ಲಿ ಅಂಗಹೀನರಾದ ಸಿಪಾಯಿಗಳಿಗೆ ಕಸಬು ಕಲಿಸಲು ೧೯೧೭ರಲ್ಲಿ ಕ್ವೀನ್ ಮೇರಿ ಶಿಲ್ಪಶಾಲೆಯು ಸ್ಥಾಪಿತವಾಯಿತು. ಅದು ಈಗ ಪುಣೆಯ ಖಡ್ಕಿಯಲ್ಲಿದೆ. ಗಾಯಗೊಂಡವನಿಗೆ ಪಿಂಚಣಿಯೊಂದೇ ಸಾಲದು, ಕಸಬೂ ಬೇಕು ಎಂಬುದನ್ನು ಸೈನ್ಯದವರು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

೨. ಮೊದಲನೆಯದು ಕಾಗದ

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬುದು ಗಾದೆ. ಆದರೆ ಸರ್ಕಾರಕ್ಕೆ ಕನ್ನಡಿ ಬೇಕು. ಒಂದು ಕಾಲಿಲ್ಲದವನು ಎದುರಿಗೆ ನಿಂತಿದ್ದರೂ ವೈದ್ಯಾಧಿಕಾರಿಯ ಪ್ರಮಾಣಪತ್ರವಿಲ್ಲದೆ ಯಾವ ಕಚೇರಿಯೂ ಅವನಿಗೆ ನೆರವು ನೀಡಲಾರದು.

ಈಗ ನಡೆಯುತ್ತಿರುವ ಕಾನೂನು ೨೦೧೬ನೆಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ. ಇದು ೨೦೧೭ನೆಯ ಏಪ್ರಿಲ್ ತಿಂಗಳಿನಿಂದ ಜಾರಿಯಲ್ಲಿದೆ. ಹಿಂದಿನ ೧೯೯೫ರ ಕಾನೂನಿನಲ್ಲಿ ಕೆಲವೇ ಬಗೆಯ ಊನಗಳು ಸೇರಿದ್ದುವು. ಈಗ ೨೧ ಬಗೆಗಳು ಸೇರಿವೆ. ಕಣ್ಣು, ಕಿವಿ, ಕೈಕಾಲುಗಳ ಊನವಲ್ಲದೆ ಬುದ್ಧಿಮಾಂದ್ಯ, ಮಾನಸಿಕ ರೋಗ, ವಾಸಿಯಾದ ಕುಷ್ಠದಿಂದ ಉಳಿದ ಊನ, ಕುಳ್ಳದೇಹ, ಆಮ್ಲದ ದಾಳಿಗೆ ಗುರಿಯಾದವರ ಊನ, ಕೆಲವು ರಕ್ತರೋಗಗಳು ಇವೂ ಸೇರುತ್ತವೆ. ಆದಕಾರಣ, ಹೊರಗೆ ಕಾಣದ ಊನವು ಲೆಕ್ಕಕ್ಕಿಲ್ಲವೆಂದು ಯಾರೂ ತಿಳಿಯಬಾರದು. ಉದ್ಯೋಗ ಮೀಸಲಾತಿ ಮೊದಲಾದ ಮುಖ್ಯ ಸೌಲಭ್ಯಗಳಿಗೆ ಊನವು ನೂರಕ್ಕೆ ೪೦ಕ್ಕಿಂತ ಕಡಿಮೆಯಿಲ್ಲವೆಂದು ಪ್ರಮಾಣಿತವಾಗಿರಬೇಕು.

ಪ್ರಮಾಣಪತ್ರವನ್ನೂ, ದೇಶದಲ್ಲೆಲ್ಲಾ ಸಲ್ಲುವ ವಿಶಿಷ್ಟ ಗುರುತಿನ ಚೀಟಿಯನ್ನೂ ಪಡೆಯಲು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಗೆ ಶುಲ್ಕವಿಲ್ಲ. ಭಾವಚಿತ್ರ, ಆಧಾರ್ ಮತ್ತು ವಾಸಸ್ಥಳದ ದಾಖಲೆ, ಹಿಂದಿನ ಚಿಕಿತ್ಸೆಯ ಕಾಗದಗಳು ಇವು ಬೇಕಾಗುವುವು. ಬಳಿಕ ಗೊತ್ತುಮಾಡಿದ ದಿನ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುತ್ತದೆ. ಅರ್ಜಿಯನ್ನು ತನ್ನ ಜಿಲ್ಲೆಯ ವೈದ್ಯಾಧಿಕಾರಿಗೆ ಸಲ್ಲಿಸಬಹುದು. ಇಲ್ಲವೇ ತಾನು ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಗೂ ಸಲ್ಲಿಸಬಹುದು. ಈ ಎರಡನೆಯ ದಾರಿಯನ್ನು ಬಹುಮಂದಿ ಅರಿಯರು. ಕಮರ್ಷಿಯಲ್ ಸ್ಟ್ರೀಟಿಗೆ ಸಮೀಪದ ಲೇಡಿ ಕರ್ಜನ್ ರಸ್ತೆಯಲ್ಲಿರುವ ಬೌರಿಂಗ್ ಆಸ್ಪತ್ರೆಯು ಸರ್ಕಾರದ್ದು. ಅಪಘಾತವಾದಾಗ ಅಲ್ಲಿ ಚಿಕಿತ್ಸೆ ಪಡೆದವನು ಬಿಡುಗಡೆಯ ಚೀಟಿಯನ್ನು ಕಳೆಯದೆ ಇಟ್ಟುಕೊಂಡಿರತಕ್ಕದ್ದು.

ಅರ್ಜಿ ಬರೆಯಲು ಮಧ್ಯವರ್ತಿಗೆ ಹಣ ಕೊಡುವ ಅವಶ್ಯಕತೆ ಇಲ್ಲ. ಪ್ರತಿ ಗ್ರಾಮ ಪಂಚಾಯ್ತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನನ್ನು ನೇಮಿಸುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಈ ಕೆಲಸದಲ್ಲಿರುವವರು ಬಹುಮಟ್ಟಿಗೆ ತಾವೂ ಅಂಗವಿಕಲರೇ. ಇವರ ಮೇಲೆ ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತನೂ, ಜಿಲ್ಲೆಗೆ ಒಬ್ಬ ಅಧಿಕಾರಿಯೂ ಇರುತ್ತಾರೆ. ಅಧಿಕಾರಿಯ ಇಲಾಖೆಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೆಂದು ಹೆಸರು. ಮಾಸಾಶನದ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ವಾಸಸ್ಥಳದಿಂದ ೧೦೦ ಕಿಲೋಮೀಟರುಗಳವರೆಗೆ ಸಲ್ಲುತ್ತದೆ. ಕೋಲಾರದ ಕಡೆಯವನಿಗೆ ಬೆಂಗಳೂರಿನ ತರಬೇತಿಯು ದೂರವೆಂಬ ತೊಂದರೆಯನ್ನು ಇದು ಎಷ್ಟೋ ಕಡಿಮೆ ಮಾಡುವುದು.

೩. ಸೈನಿಕನ ಕಾಗದಗಳು, ಎರಡು ಅಳತೆಗಳ ವಿಷಯ

ಸೈನ್ಯದಿಂದ ಮರಳಿದವನು ಮೂರು ಕಾಗದಗಳನ್ನು ಜಮೀನಿನ ಪತ್ರಗಳಷ್ಟೇ ಜೋಪಾನವಾಗಿ ಇಡಬೇಕು: ಬಿಡುಗಡೆಯ ಪುಸ್ತಕ, ಪಿಂಚಣಿಯ ಆದೇಶ, ವೈದ್ಯಮಂಡಳಿಯ ವರದಿ. ಊರಿಗೆ ಬಂದ ಕೂಡಲೆ ತನ್ನ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರನ್ನು ನೋಂದಾಯಿಸಿ ಗುರುತಿನ ಚೀಟಿಯನ್ನು ಪಡೆಯಬೇಕು. ಸೈನಿಕನ ವಿಧವೆಗೂ ಇದು ಅನ್ವಯಿಸುತ್ತದೆ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮುಖ್ಯ ಕಚೇರಿಯು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯ ಕಾರ್ಯಪ್ಪ ಭವನದಲ್ಲಿದೆ. ಹಳಬರು ರೆಸಿಡೆನ್ಸಿ ರಸ್ತೆ ಎನ್ನುವುದು ಇದನ್ನೇ. ಹಲಸೂರು ಕೆರೆಯ ಬಳಿ ಮದರಾಸು ಇಂಜಿನಿಯರ್ ಗ್ರೂಪಿನ ಕೇಂದ್ರವಿದೆ. ೧೭೮೦ರಲ್ಲಿ ಹುಟ್ಟಿದ ಈ ಪಡೆಯಿಂದ ನಿವೃತ್ತರಾದವರ ಸೇವಾ ದಾಖಲೆಗಳ ಕಚೇರಿಯೂ ಬೆಂಗಳೂರಿನಲ್ಲಿಯೇ ಇದೆ.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಸೈನ್ಯದ ಅಳತೆ ಬೇರೆ, ನಾಗರಿಕ ಕಾನೂನಿನ ಅಳತೆ ಬೇರೆ. ಸೈನ್ಯದಲ್ಲಿ, ಊನವು ಸೇವೆಯಿಂದ ಉಂಟಾದುದು ಅಥವಾ ಸೇವೆಯಿಂದ ಉಲ್ಬಣಿಸಿದುದು ಎಂದು ವೈದ್ಯಮಂಡಳಿಯು ಒಪ್ಪಬೇಕು; ಅದರ ಪ್ರಮಾಣವು ಸಾಮಾನ್ಯವಾಗಿ ನೂರಕ್ಕೆ ೨೦ ಅಥವಾ ಹೆಚ್ಚು ಇದ್ದರೆ ಊನದ ಪಿಂಚಣಿಗೆ ಹಕ್ಕು ಬರುತ್ತದೆ. ನಾಗರಿಕ ಕಾನೂನಿನಲ್ಲಿ ಊನವು ಹೇಗೆ ಬಂದಿತೆಂದು ಕೇಳುವುದಿಲ್ಲ. ಆದರೆ ಪ್ರಮಾಣವು ೪೦ ಇರಬೇಕು. ಉದಾಹರಣೆಗೆ, ಸೈನ್ಯವು ೩೦ ಎಂದು ಒಪ್ಪಿದವನು ಆ ಕಾಗದದ ಬಲದಿಂದ ನಾಗರಿಕ ಮೀಸಲಾತಿಯನ್ನು ಕೇಳಲಾರನು. ಆದರೆ ಮಾಜಿ ಸೈನಿಕನೆಂಬ ಹಕ್ಕು ಅವನಿಗೆ ಇದ್ದೇ ಇರುತ್ತದೆ. ಕಾಲನ್ನೇ ಕಳೆದುಕೊಂಡವನು ಸೈನ್ಯದ ಕಾಗದವೊಂದೇ ಸಾಕೆಂದು ಕುಳಿತರೆ ನಷ್ಟ ಅವನದೇ. ಅವನು ನಾಗರಿಕ ಪ್ರಮಾಣಪತ್ರವನ್ನೂ ಮಾಡಿಸಿಕೊಳ್ಳಬೇಕು. ವೈದ್ಯಮಂಡಳಿಯ ತೀರ್ಮಾನವು ಪ್ರತಿಕೂಲವಾದರೆ ಮೇಲ್ಮನವಿಗೆ ಅವಕಾಶವುಂಟು. ೨೦೦೯ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇಂಥ ವ್ಯಾಜ್ಯಗಳನ್ನು ವಿಚಾರಿಸುತ್ತಿದೆ. ಮನವಿಗೆ ಅವಧಿಯು ಗೊತ್ತಾಗಿರುವುದರಿಂದ ತಡಮಾಡದೆ ಸೈನಿಕ ಕಲ್ಯಾಣ ಕಚೇರಿಯ ಸಲಹೆಯನ್ನು ಪಡೆಯತಕ್ಕದ್ದು.

೪. ಎರಡನೆಯದು ಕಲಿಕೆ

ಕಾಗದವು ಬಾಗಿಲನ್ನು ತೆರೆಯುತ್ತದೆ; ಒಳಗೆ ಹೋದ ಮೇಲೆ ಕೈಯಲ್ಲಿ ಕೆಲಸವಿರಬೇಕು. ಈ ವಿಷಯದಲ್ಲಿ ರೈತರ ಮಕ್ಕಳಿಗೆ ಬಹಳ ಉಪಯುಕ್ತವಾದ ಒಂದು ನಿದರ್ಶನವು ಬೆಂಗಳೂರಿನ ಪೂರ್ವಭಾಗದಲ್ಲಿಯೇ ಇದೆ. ೧೯೫೯ರಲ್ಲಿ ಎನ್. ಎಸ್. ಹೇಮಾ ಎಂಬವರು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆಕೆ ಸ್ವತಃ ಪೋಲಿಯೋ ರೋಗದಿಂದ ನಡೆಯುವ ಶಕ್ತಿಯನ್ನು ಕಳೆದುಕೊಂಡವರು. ಈ ಸಂಸ್ಥೆಯು ಲಿಂಗರಾಜಪುರದಲ್ಲಿ ನೆಲೆಯೂರಿ, ಶಾಲೆ, ಚಿಕಿತ್ಸೆ, ಕಸಬು ಮೂರನ್ನೂ ನಡೆಸಿಕೊಂಡು ಬಂದಿದೆ. ಇಂದಿರಾನಗರದ ಆಚೆ ಜೀವನ್ ಬಿಮಾ ನಗರದಲ್ಲಿ ಇದರ ತೋಟಗಾರಿಕೆಯ ತರಬೇತಿ ಕೇಂದ್ರವು ಬೆಳೆದುಬಂದಿತು. ಅಂಗವಿಕಲ ಯುವಕ ಯುವತಿಯರಿಗೆ ಅಲ್ಲಿ ಸಸಿ ಬೆಳೆಸುವುದು, ಗೊಬ್ಬರ ಮಾಡುವುದು, ಉದ್ಯಾನ ನೋಡಿಕೊಳ್ಳುವುದು ಮುಂತಾದುವನ್ನು ಕಲಿಸಿ ಸಸ್ಯಾಗಾರ, ಉದ್ಯಾನಗಳ ಕೆಲಸಕ್ಕೆ ಅಣಿಮಾಡುತ್ತಾರೆ. ನೆಲದ ಕೆಲಸಕ್ಕೆ ನಾಲ್ಕು ಅಂಗಗಳೂ ನೆಟ್ಟಗಿರಬೇಕೆಂಬ ನಮ್ಮ ನಂಬಿಕೆಯು ತಪ್ಪೆಂಬುದಕ್ಕೆ ಇದೇ ಸಾಕ್ಷಿ. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವಿದೆ. ಮಿದುಳಿನ ಊನದಿಂದ ಕೈಕಾಲು ಸೆಟೆದ ಮಕ್ಕಳನ್ನು ಅಲ್ಲಿ ಪರೀಕ್ಷಿಸಿ ಶಿಕ್ಷಣ ಕೊಡುತ್ತಾರೆ. ಯಾವ ಸಂಸ್ಥೆಗೇ ಆಗಲಿ ಹೊರಡುವ ಮುನ್ನ ಸೇರ್ಪಡೆಯ ಕಾಲ, ವಯಸ್ಸು, ವಸತಿಯ ಅನುಕೂಲಗಳನ್ನು ವಿಚಾರಿಸಿಕೊಳ್ಳಬೇಕು.

ಊರಿಗೆ ಸಮೀಪದಲ್ಲಿಯೇ ಕಲಿಯಬೇಕೆನ್ನುವವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಇವುಗಳಿಗೆ ಮೇಲ್ಪಂಕ್ತಿಯಾದುದು ೧೯೮೨ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ. ಹೈನುಗಾರಿಕೆ, ಜೇನು, ಅಣಬೆ, ಹೊಲಿಗೆ, ಪಂಪ್‌ಸೆಟ್ ದುರಸ್ತಿ ಮುಂತಾದುವನ್ನು ಊಟ ವಸತಿಗಳ ಸಹಿತ ಉಚಿತವಾಗಿ ಕಲಿಸುತ್ತಾರೆ. ಅಂಗವಿಕಲರ ಶಕ್ತಿಯನ್ನು ಪರೀಕ್ಷಿಸಿ ಯೋಗ್ಯವಾದ ಕೆಲಸವನ್ನು ಸೂಚಿಸಲು ಕೇಂದ್ರದ ಕಾರ್ಮಿಕ ಇಲಾಖೆಯ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವೂ ಬೆಂಗಳೂರಿನಲ್ಲಿ ಉಂಟು. ಸೈನಿಕರಿಗೆ ಪುನರ್ವಸತಿ ಮಹಾನಿರ್ದೇಶನಾಲಯವು ತರಬೇತಿಗಳನ್ನು ಏರ್ಪಡಿಸುತ್ತದೆ. ಇವುಗಳಲ್ಲಿ ಬಹುಪಾಲು ನಿವೃತ್ತಿಗೆ ಮುಂಚಿನ ಕಾಲಕ್ಕೆ ಗೊತ್ತಾದುವು. ಆದುದರಿಂದ ಸೇವೆಯಲ್ಲಿರುವ ಮಗನಿಗೆ ಮನೆಯವರು ಮುಂಚಿತವಾಗಿಯೇ ಬರೆದು ತಿಳಿಸುವುದು ಉತ್ತಮ.

೫. ಮೂರನೆಯದು ಕೆಲಸ

(ಅ) ಸರ್ಕಾರಿ ಉದ್ಯೋಗ. ೨೦೧೬ರ ಕಾನೂನಿನಂತೆ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ೪ಕ್ಕೆ ಕಡಿಮೆಯಿಲ್ಲದಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ ೧೦ ಮೀಸಲು. ಸರ್ಕಾರಿ ಬ್ಯಾಂಕುಗಳ ಗುಮಾಸ್ತೆ ಹುದ್ದೆಗಳಲ್ಲಿ ೧೪.೫, ಅದಕ್ಕೂ ಕೆಳಗಿನ ಹುದ್ದೆಗಳಲ್ಲಿ ೨೪.೫; ಇವೆರಡರಲ್ಲಿಯೂ ೪.೫ ಭಾಗವು ಅಂಗಹೀನರಾದ ಮಾಜಿ ಸೈನಿಕರಿಗೂ ಯುದ್ಧದಲ್ಲಿ ಮಡಿದವರ ಅವಲಂಬಿತರಿಗೂ ಸೇರಿದುದು. ಸರ್ಕಾರಿ ನೌಕರನು ಸೇವೆಯಲ್ಲಿರುವಾಗ ಅಂಗವಿಕಲನಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನು ಇಳಿಸುವಂತಿಲ್ಲ.

(ಆ) ಭೂಮಿ ಮತ್ತು ಸಾಲ. ಸರ್ಕಾರದ ಯೋಜನೆಗಳಲ್ಲಿ ಬೇಸಾಯದ ಭೂಮಿಯನ್ನೂ ಮನೆಗಳನ್ನೂ ಹಂಚುವಾಗ ನೂರಕ್ಕೆ ೫ನ್ನು ಅಂಗವಿಕಲರಿಗೆ, ಅವರಲ್ಲಿಯೂ ಹೆಂಗಸರಿಗೆ ಆದ್ಯತೆಯಿಂದ, ಮೀಸಲಿಡಬೇಕೆಂದು ಅದೇ ಕಾನೂನು ವಿಧಿಸುತ್ತದೆ. ೧೯೬೯ರ ಕರ್ನಾಟಕ ಭೂಮಂಜೂರಾತಿ ನಿಯಮಗಳಲ್ಲಿ, ಗ್ರಾಮದಲ್ಲಿ ಹಂಚಲು ದೊರೆಯುವ ಭೂಮಿಯ ನೂರಕ್ಕೆ ೧೦ ಭಾಗವು ಸೈನಿಕರಿಗೂ ಮಾಜಿ ಸೈನಿಕರಿಗೂ ಗೊತ್ತಾಗಿದೆ. ಭೂಮಿ ಲಭ್ಯವಿದ್ದಲ್ಲಿ ಮಾತ್ರ ಇದು ಫಲಿಸುವುದೆಂಬುದನ್ನೂ, ಮಂಜೂರಾದ ಭೂಮಿಯನ್ನು ಪರಭಾರೆ ಮಾಡಲು ನಿರ್ಬಂಧಗಳಿವೆಯೆಂಬುದನ್ನೂ ಮರೆಯಬಾರದು. ಸ್ವಂತ ಉದ್ಯೋಗದ ಸಾಲಕ್ಕಾಗಿ ೧೯೯೭ರಲ್ಲಿ ಸ್ಥಾಪಿತವಾದ, ಈಗ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮವೆನಿಸಿರುವ ಸಂಸ್ಥೆಯಿದೆ. ಕಸಬನ್ನು ಕಲಿಯುವ ಮೊದಲು ಸಾಲ ಮಾಡುವುದು, ಎತ್ತಿಲ್ಲದೆ ಗಾಡಿ ಕೊಂಡಂತೆ.

(ಇ) ಹೊಲ ತೋಟಗಳ ಕೆಲಸ. ಎಲ್ಲರಿಗೂ ಸರ್ಕಾರಿ ಉದ್ಯೋಗವು ದೊರೆಯುವುದಿಲ್ಲ. ಹಿಡುವಳಿದಾರರು ತಮ್ಮಲ್ಲಿಯೇ ಕೊಡಬಹುದಾದ ಕೆಲಸಗಳು ಬಹಳವಿವೆ. ಕಾಲಿನ ಊನವುಳ್ಳವರಿಗೆ ಕುಳಿತು ಮಾಡುವ ಕಸಿ ಕಟ್ಟುವಿಕೆ, ಸಸಿ ಚೀಲ ತುಂಬುವಿಕೆ, ಎರೆಗೊಬ್ಬರ, ಗೂಡು ಬಿಡಿಸುವುದು, ಡೈರಿಯ ಲೆಕ್ಕ ಇವು ತಕ್ಕುವು. ಕಣ್ಣು ಕಾಣದವರು ಮುಟ್ಟಿ ಅರಿಯುವ ಕೆಲಸಗಳಲ್ಲಿ, ಎಂದರೆ ತಟ್ಟೆಗಳಲ್ಲಿ ಬೀಜ ಊರುವುದು, ಹಗ್ಗ ಹೊಸೆಯುವುದು, ಹಾಲು ಕರೆಯುವುದು ಇವುಗಳಲ್ಲಿ, ಅಭ್ಯಾಸವಾದ ಮೇಲೆ ಯಾರಿಗೂ ಹಿಂದೆ ಬೀಳುವುದಿಲ್ಲ. ಆದರೆ ಸಾಮಾನುಗಳು ದಿನವೂ ಅದೇ ಜಾಗದಲ್ಲಿರಬೇಕು. ಕಿವಿ ಕೇಳದವರು ಎಲ್ಲ ಕೆಲಸಕ್ಕೂ ಸಮರ್ಥರು. ಯಂತ್ರದ ಬಳಿ ಮಾತ್ರ ಕೂಗಿಗೆ ಬದಲಾಗಿ ಕಣ್ಣಿಗೆ ಕಾಣುವ ಸನ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. ಬುದ್ಧಿಮಾಂದ್ಯವುಳ್ಳವರಿಗೆ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ತೋರಿಸಿ, ಒಂದು ಕೈಗೂಡಿದ ಮೇಲೆ ಮತ್ತೊಂದನ್ನು ಕಲಿಸಬೇಕು.

ಚಕ್ರದ ಕುರ್ಚಿಯಲ್ಲಿರುವವರಿಗೆ ಸಸಿಮಡಿಯನ್ನು ಮೇಜಿನಂತೆ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ ಕಟ್ಟಿ, ಮಂಡಿ ಒಳಗೆ ಹೋಗುವಷ್ಟು ಎಡೆಯನ್ನು ಕೆಳಗೆ ಬಿಡಬೇಕು. ಒಂದೇ ಪಕ್ಕದಿಂದ ಕೈ ನೀಡಬೇಕಾದರೆ ಮಡಿಯ ಅಗಲವು ಎರಡು ಅಡಿ, ಎರಡೂ ಪಕ್ಕದಿಂದಾದರೆ ನಾಲ್ಕು ಅಡಿ ಸಾಕು. ನಡುವಣ ದಾರಿಯು ಮೂರರಿಂದ ನಾಲ್ಕು ಅಡಿ ಅಗಲವಾಗಿ ಗಟ್ಟಿಯಾಗಿರಬೇಕು. ಪಂಚಾಯ್ತಿ ಕಚೇರಿ, ಹಾಲಿನ ಸಂಘ, ಗೊಬ್ಬರದ ಗೋದಾಮು ಇವುಗಳ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿಯನ್ನು ಕಟ್ಟುವಾಗ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು. ಇದಕ್ಕಿಂತ ಕಡಿದಾದುದು ಹೆಸರಿಗೆ ದಾರಿಯೇ ಹೊರತು ಉಪಯೋಗಕ್ಕೆ ಬಾರದು.

ಮಾಜಿ ಸೈನಿಕನನ್ನು ಕಾವಲುಗಾರನಾಗಿ ಮಾತ್ರ ಕಾಣುವುದು ನಮ್ಮ ಜನರ ವಾಡಿಕೆ. ಇಂಜಿನಿಯರ್ ಪಡೆಯಲ್ಲಿದ್ದವನು ಮಟ್ಟ ಹಿಡಿಯುವುದು, ಕಲ್ಲುಕಟ್ಟಡ, ಸೇತುವೆ, ರಸ್ತೆಗಳ ಕೆಲಸವನ್ನು ಬಲ್ಲನು; ಕೆರೆಯ ತೂಬಿಗೂ ಹೊಲದ ಬದುವಿಗೂ ಅವನ ಕಣ್ಣು ಬೇಕು. ಸರಬರಾಜು ದಳದಲ್ಲಿದ್ದವನು ವಾಹನ, ಉಗ್ರಾಣ, ಲೆಕ್ಕಗಳನ್ನು ಬಲ್ಲನು. ಸಹಕಾರ ಸಂಘಕ್ಕೆ ಅಂಥವನು ಬೇಕು. ಇಂಥ ವಿದ್ಯೆಯನ್ನು ಊರಿನ ಬಾಗಿಲಲ್ಲಿ ಕುಳಿತಿರಿಸುವುದು ಊರಿಗೇ ನಷ್ಟ.

೬. ಗ್ರಾಮದ ಮುಖ್ಯಸ್ಥರು ಮಾಡತಕ್ಕ ಕೆಲಸಗಳು

೧. ಊರಿನ ಅಂಗವಿಕಲರು, ಮಾಜಿ ಸೈನಿಕರು, ಸೈನಿಕರ ವಿಧವೆಯರು ಇವರ ಪಟ್ಟಿಯೊಂದನ್ನು ಬರೆದು, ಪ್ರತಿಯೊಬ್ಬರ ಎದುರಿಗೆ ಕಾಗದ, ಕಲಿಕೆ, ಕೆಲಸ ಎಂಬ ಮೂರು ಅಂಕಣಗಳನ್ನು ಇಡುವುದು. ಯಾವ ಅಂಕಣವು ಬರಿದಾಗಿದೆಯೋ ಅಲ್ಲಿಂದ ಕೆಲಸವನ್ನು ಆರಂಭಿಸುವುದು.

೨. ಗ್ರಾಮ ಪಂಚಾಯ್ತಿಯು ತನ್ನ ಸ್ವಂತ ವರಮಾನದಲ್ಲಿ ನೂರಕ್ಕೆ ೫ನ್ನು ಅಂಗವಿಕಲರಿಗಾಗಿ ವೆಚ್ಚಮಾಡಬೇಕೆಂದು ಸರ್ಕಾರದ ಆದೇಶವಿದೆ. ಆ ಹಣವು ಏನಾಯಿತೆಂದು ಗ್ರಾಮಸಭೆಯಲ್ಲಿ ಕೇಳುವುದು.

೩. ಪರೀಕ್ಷೆಯ ದಿನ ಅಂಗವಿಕಲನನ್ನು ಒಬ್ಬನೇ ಕಳುಹಿಸದೆ, ಓದುಬರಹ ಬಲ್ಲ ಒಬ್ಬನನ್ನು ಜೊತೆಮಾಡುವುದು.

೪. ಕುಂಟ, ಕುರುಡ ಎಂದು ಹೆಸರಿಟ್ಟು ಕರೆಯುವ ಕೆಟ್ಟ ವಾಡಿಕೆಯನ್ನು ನಿಲ್ಲಿಸುವುದು. ಅಂಗವಿಕಲರನ್ನು ಬೇಕೆಂದು ಸಾರ್ವಜನಿಕವಾಗಿ ಅವಮಾನಿಸುವುದು ೨೦೧೬ರ ಕಾನೂನಿನಂತೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ.

೫. ಸಮನಾದ ಕೆಲಸಕ್ಕೆ ಸಮನಾದ ಕೂಲಿಯನ್ನು ಕೊಡುವುದು. ಮರುಕದ ಹೆಸರಿನಲ್ಲಿ ಕಡಿಮೆ ಕೂಲಿ ಕೊಡುವವನು ದಾನಿಯಲ್ಲ, ಸಾಲಗಾರ.

ಈ ಪತ್ರಿಕೆಯಲ್ಲಿ ಹೇಳಿರುವುದರಲ್ಲಿ ಯಾವುದೂ ಭಿಕ್ಷೆಯಲ್ಲ; ಎಲ್ಲವೂ ಕಾನೂನಿನಿಂದಲೂ ಆದೇಶಗಳಿಂದಲೂ ಗೊತ್ತಾದ ಹಕ್ಕುಗಳು ಮತ್ತು ಸೌಲಭ್ಯಗಳು. ಕೇಳದವನಿಗೆ ಅವು ತಾವಾಗಿ ಬರುವುದಿಲ್ಲ. ಕೇಳಲಾರದವನ ಪರವಾಗಿ ಕೇಳುವುದೇ ಮುಖ್ಯಸ್ಥತನ. ಮುಂದೆ ಜವಳಿಗೆಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋಗುವವರು ತಮ್ಮ ಊರಿನ ಒಬ್ಬನ ಕಾಗದಗಳನ್ನೂ ಕೈಚೀಲದಲ್ಲಿ ಇಟ್ಟುಕೊಂಡು ಹೋದರೆ, ಒಂದೇ ಪ್ರಯಾಣದಲ್ಲಿ ಮದುವೆಯ ಕೆಲಸವೂ ಆಗುವುದು, ಒಂದು ಮನೆಯ ಜಮೀನು ಭೋಗ್ಯಕ್ಕೆ ಬೀಳುವುದೂ ತಪ್ಪಬಹುದು.